ಗುರಿಯ ಚುಕ್ಕಿ, ಬೇಟೆಯ ಮಿತಿ



ಕೋವಿಯ ಹಿಂಬದಿಯ ಕಚ್ಚು, ತುದಿಯ ಮಣಿ, ಎದುರಿನ ಗುರಿ, ಈ ಮೂರನ್ನೂ ಒಂದೇ ನೇರಕ್ಕೆ ತರುವುದೇ ಹಿಂದಿನ ಬೇಟೆಗಾರನ ಸಾಧನೆಯಾಗಿತ್ತು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆಯು ಗಾಜಿನಲ್ಲಿ ಕೆಂಪು ಚುಕ್ಕಿ ಮೂಡಿಸುವ ಸಾಧನವನ್ನು ಹೊರತಂದಿತು. ಚುಕ್ಕಿಯನ್ನು ಗುರಿಯ ಮೇಲಿರಿಸಿದರಾಯಿತು. ಆದರೂ ನಿಶ್ಚಿತ ದೂರದಿಂದ ಹಲವು ಗುಂಡು ಹಾರಿಸಿ, ಅವು ತಗುಲಿದೆಡೆಗೆ ಚುಕ್ಕಿಯನ್ನು ತಿರುಪಿನಿಂದ ಹೊಂದಿಸದ ಹೊರತು ಅದು ನಂಬಲರ್ಹವಲ್ಲ.

ಗುರಿ ಸುಲಭವಾದ ಆ ದಶಕದಲ್ಲೇ ಬೇಟೆಗೆ ತಡೆಯೂ ಬಿದ್ದಿತು: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಕೆನ್ಯಾದಲ್ಲಿ 1977ರ ನಿಷೇಧ. ಆದರೆ ಕಳ್ಳಬೇಟೆ ನಿಲ್ಲಲಿಲ್ಲ. 1989ರಲ್ಲಿ ಈ ಲಂಗಾಟಾದ ನೆರೆಯ ರಾಷ್ಟ್ರೀಯ ಉದ್ಯಾನದಲ್ಲಿ ಸುಮಾರು 12 ಟನ್ ಆನೆದಂತವನ್ನು ಸುಡಬೇಕಾಯಿತು.

ನಮ್ಮ ಕೊಡವರು ಕೈಲ್‌ಪೊಳ್ದ್ ಹಬ್ಬದಲ್ಲಿ ಇಂದಿಗೂ ಕೋವಿಯನ್ನು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಪ್ರಾಣಹರಣವಿಲ್ಲದೆಯೂ ಕೌಶಲ ಉಳಿಯಬಲ್ಲುದು. ಮಕ್ಕಳಿಗೆ ಇದನ್ನು ತಿಳಿಸೋಣ.