ಆಪದ್ಧನ ನಿಧಿ: ಸಂಘದ ಹಗೇವು

ವಾರ್ಷಿಕ ಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು, "ಆಪದ್ಧನ ನಿಧಿ ಅಂತ ಇಷ್ಟು ರೊಕ್ಕ ಯಾಕ ಇಟ್ಟೀರಿ? ಶೇರುದಾರರಿಗೆ ಹಂಚಿಬಿಡ್ರಲ್ಲ" ಎಂದು ಕೇಳುವುದುಂಟು. ಕೇಳುವುದು ತಪ್ಪಲ್ಲ. ಉತ್ತರ ಮಾತ್ರ ಇತಿಹಾಸದಲ್ಲಿದೆ.

1876-78ರ ಭೀಕರ ಬರ ನಮ್ಮ ಸೀಮೆಯನ್ನು ಹಣ್ಣುಗಾಯಿ ಮಾಡಿತು. ಹಗೇವು ಬರಿದಾದ ಮೇಲೆ ರೈತನಿಗೆ ಸಾವಕಾರನ ಬಾಗಿಲೇ ಗತಿ. ಈ ಸಾಲದ ಉರುಲು ಬಿಡಿಸಲೆಂದೇ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಪತ್ತಿನ ಸಂಘಗಳಲ್ಲೊಂದನ್ನು ಕಟ್ಟಿದರು.

ಆ ಕಾಲದ ಹಳ್ಳಿ ಸಂಘಗಳಲ್ಲಿ ಹೊಣೆಗಾರಿಕೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಸದಸ್ಯನ ಹೊಲಮನೆಯೂ ಹೊಣೆ! ಆದ್ದರಿಂದಲೇ ಲಾಭ ಮೊದಲು ಆಪದ್ಧನ ನಿಧಿಗೇ ಸೇರಬೇಕೆಂದು ಕಾಯ್ದೆ ಕಟ್ಟಿತು. ನಷ್ಟ ಬಂದಾಗ ಸದಸ್ಯನ ಹೊಲಕ್ಕಿಂತ ಮುಂಚೆ ಈ ನಿಧಿಯೇ ಎದೆಗೊಡುತ್ತಿತ್ತು. 1912ರ ಕಾಯ್ದೆ ನಿವ್ವಳ ಲಾಭದ ಕಾಲು ಭಾಗವನ್ನು ಇದಕ್ಕೆ ಕಡ್ಡಾಯ ಮಾಡಿತು. ಕರ್ನಾಟಕದ 1959ರ ಕಾಯ್ದೆಯೂ ಶೇ. 25ರ ಕಟ್ಟಳೆಯನ್ನೇ ಮುಂದುವರಿಸಿತು. ಅಂದರೆ ನೂರು ರೂಪಾಯಿ ಲಾಭವಾದರೆ ಇಪ್ಪತ್ತೈದನ್ನು ಮೊದಲು ತೆಗೆದಿಟ್ಟೇ ಮುಂದಿನ ಹಂಚಿಕೆ.

ಸದಸ್ಯತ್ವ ಬಿಟ್ಟುಹೋಗುವವರಿಗೆ ಅವರ ಶೇರಿನ ಹಣ ಸಿಗುತ್ತದೆ, ಆಪದ್ಧನದಲ್ಲಿ ಪಾಲಿಲ್ಲ. ಯಾಕೆಂದರೆ ಅದು ಇಂದಿನವರ ಗಂಟಷ್ಟೇ ಅಲ್ಲ, ನಿನ್ನೆಯವರು ಬಿಟ್ಟುಹೋದದ್ದು, ನಾಳಿನವರಿಗೆ ಸೇರಬೇಕಾದದ್ದು. ಮಳೆ ಕೈಕೊಟ್ಟು ಸಾಲ ವಸೂಲಾಗದ ವರ್ಷ ಠೇವುದಾರರ ರೊಕ್ಕಕ್ಕೆ ಇದೇ ಬೆಂಗಾವಲು.

ನವನಗರದ ಸುತ್ತಲಿನ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು, ಹೊಳೆದಂಡೆಯ ಹೊಲಗಳು ಹೋದದ್ದನ್ನು ನಾವೆಲ್ಲ ಬಲ್ಲೆವು. ಪರಿಹಾರದ ರೊಕ್ಕ ಕೈಗೆ ಬಂದು, ಕೈಯಲ್ಲೇ ಕರಗಿದ ಮನೆಗಳನ್ನೂ ಬಲ್ಲೆವು. ಹಂಚಿಕೊಂಡ ದುಡ್ಡು ಒಂದು ಸಂತೆಗೆ ಸಾಲದು. ಕೂಡಿಟ್ಟ ದುಡ್ಡು ಒಂದು ಬರವನ್ನೇ ದಾಟಿಸೀತು.

ಬೀಜದ ಜೋಳವನ್ನು ಯಾವ ಒಕ್ಕಲಿಗನೂ ಹಬ್ಬಕ್ಕೆಂದು ಬೀಸುವುದಿಲ್ಲ. ಬೆಳ್ಳಿಹಬ್ಬದ ಈ ಸಂಭ್ರಮದಲ್ಲಿಯೂ ನಮ್ಮ ಹಗೇವಿನ ಬಾಯಿ ಮುಚ್ಚಿಯೇ ಇರಲಿ ಎಂದು ಸದಸ್ಯರೆಲ್ಲರಲ್ಲಿ ವಿನಂತಿಸುತ್ತೇವೆ.