ಕಲ್ಲು, ಕಡತ, ಕಥನ: ವಿದ್ಯಾರ್ಥಿ ಸಂಶೋಧನೆಗೆ ಊರೊಳಗಿನ ಆಕರಗಳು

ಪದವಿ ತರಗತಿಗಳ ಕಿರುಪ್ರಬಂಧಗಳಲ್ಲಿ ವಿಜಯನಗರದ ಆಡಳಿತ ಪದ್ಧತಿ ವರ್ಷ ವರ್ಷವೂ ಮರುಹುಟ್ಟು ಪಡೆಯುತ್ತದೆ. ಬರೆಯುವವರ ಊರಿನ ಕೆರೆ ಅಡಿಟಿಪ್ಪಣಿಗೂ ಬರುವುದಿಲ್ಲ. ಆಕರಗಳಿಲ್ಲ ಎಂಬ ನೆಪ ಇಲ್ಲಿ ನಿಲ್ಲದು. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯಲ್ಲಿ ಸಾವಿರಾರು ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ. ಊರಿನ ಹೆಸರು ಹಿಡಿದು ಹುಡುಕುವುದಷ್ಟೇ ಉಳಿದ ಕೆಲಸ.

ಅಚ್ಚಾಗದವೂ ಇವೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಸಿಕ್ಕ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು. ಹೋರಾಡಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ. ದಿನನಿತ್ಯ ಜನ ಓಡಾಡುವ ಬಡಾವಣೆಯಲ್ಲೇ ಎಂಟನೆಯ ಶತಮಾನ ಮಲಗಿತ್ತು.

ಕೆರೆಯನ್ನೇ ತೆಗೆದುಕೊಳ್ಳಿ. ಏರಿಯ ಮೇಲೋ ತೂಬಿನ ಬಳಿಯೋ ನಿಂತ ಶಾಸನ ಕೆರೆ ಕಟ್ಟಿಸಿದವರನ್ನು, ಅದರ ಪಾಲನೆಗೆ ಬಿಟ್ಟ ‘ಬಿತ್ತುವಟ್ಟ’ ಎಂಬ ಭೂದತ್ತಿಯನ್ನು ಹೇಳಬಹುದು. ಸರ್ವೆ ಇಲಾಖೆಯ ಗ್ರಾಮ ನಕಾಶೆ, ಆಕಾರ್‌ಬಂದ್‌ (ಜಮೀನಿನ ವಿಸ್ತೀರ್ಣ-ಕಂದಾಯದ ಪಟ್ಟಿ) ದಾಖಲೆಗಳಲ್ಲಿ ಅದರ ಎಲ್ಲೆ, ವಿಸ್ತೀರ್ಣ ಸಿಗುತ್ತವೆ. ಯಾರ ಗದ್ದೆಗೆ ಯಾವ ಸರದಿಯಲ್ಲಿ ನೀರು ಹರಿಯುತ್ತಿತ್ತು ಎಂಬುದನ್ನು ಮಾತ್ರ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಯ ಮನೆಯವರಲ್ಲೇ ಕೇಳಬೇಕು. ಅವರ ಜೊತೆ ಕಾಲುವೆಯ ಜಾಡಿನಲ್ಲಿ ನಡೆದರೆ ಉತ್ತರ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ.

ಕಲ್ಲು, ಕಡತ, ಜನರ ಕಥನ ಈ ಮೂರೂ ಒಂದೇ ಮಾತು ಹೇಳುವುದಿಲ್ಲ. ಶಾಸನಕ್ಕೆ ದಾನಿ ಮುಖ್ಯ. ಜನಪದ ಕಥನಗೀತೆ ‘ಕೆರೆಗೆ ಹಾರ’ದಲ್ಲಿ, ನೀರು ಬಾರದ ಕೆರೆಗೆ ಮಲ್ಲನಗೌಡ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುತ್ತಾನೆ. ಇಂಥ ಕಥೆಗಳನ್ನು ದಂತಕಥೆಯೆಂದು ತಳ್ಳಿಹಾಕುವುದೂ ನಡೆದ ಸಂಗತಿಯೆಂದು ದಾಖಲಿಸುವುದೂ ಸೋಮಾರಿತನವೇ. ದಾನದ ದಾಖಲೆಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ, ಹಾಡಿನಲ್ಲಿ ಯಾರ ಹೆಸರು ಉಳಿದಿದೆ? ಸಂಶೋಧನೆಯ ಪ್ರಶ್ನೆ ಹುಟ್ಟುವುದು ಈ ಬಿರುಕಿನಲ್ಲಿ.

ವಿಧಾನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸವೆದ ಅಕ್ಷರಗಳ ಮೇಲೆ ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ಫೋಟೋ ತೆಗೆದರೆ ಓದು ಸುಲಭ; ಆ್ಯಸಿಡ್ ಹಾಕಿ ತಿಕ್ಕಿದರೆ ಕಲ್ಲೇ ಕೆಡುತ್ತದೆ. ಪೂಜೆಗೊಳ್ಳುವ ಕಲ್ಲಾದರೆ ಮುಟ್ಟುವ ಮುನ್ನ ಊರವರ ಒಪ್ಪಿಗೆ ಬೇಕು. ಶಾಲೆಯ ದಾಖಲಾತಿ ಪುಸ್ತಕದಿಂದ ವಲಸೆ, ಕಸುಬುಗಳ ಚಿತ್ರ ಪಡೆಯಬಹುದಾದರೂ ಅದರಲ್ಲಿ ಜಾತಿ, ಜನ್ಮದಿನಾಂಕಗಳೂ ಇರುವುದರಿಂದ ಹೆಸರುಗಳನ್ನು ಬರಹಕ್ಕೆ ತರಬಾರದು.

ಇನ್ನೊಂದು ಲೋಪ ಬಹುತೇಕ ಕಾಲೇಜುಗಳದು: ಬೈಂಡ್ ಆದ ಪ್ರಬಂಧ ವಿಭಾಗದ ಬೀರು ಸೇರುತ್ತದೆ. ಒಂದು ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಹೋಗಬೇಕು. ಓದಿದ ಹಿರಿಯರು ತಪ್ಪು ತೋರಿಸಿದರೆ ಆ ತಿದ್ದುಪಡಿಯನ್ನೂ, ಅವರ ಒಪ್ಪಿಗೆ ಪಡೆದು, ದಿನಾಂಕ ಸಮೇತ ಪ್ರಬಂಧಕ್ಕೆ ಲಗತ್ತಿಸಬಹುದು.