ಜೀಪಿನ ಮೈಮೇಲಿನ ಬಣ್ಣಗಳು

ಚರಿತ್ರೆಯನ್ನು ಕಲ್ಲಿನ ಮೇಲೆ ಓದುವುದು ನಮ್ಮವರಿಗೆ ರೂಢಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಹಂದಿಯೊಡನೆ ಸೆಣಸಿ ಮಡಿದ ಕಾಳಿ ಎಂಬ ಬೇಟೆನಾಯಿಗೂ 10ನೆಯ ಶತಮಾನದಲ್ಲಿ ಒಂದು ಕಲ್ಲು ನಿಂತಿತು. ದುಡಿದ ಪ್ರಾಣಿಯ ಋಣವನ್ನು ಅಷ್ಟು ಚೆನ್ನಾಗಿ ನೆನೆದ ಸೀಮೆಯಲ್ಲಿ ದುಡಿದ ಯಂತ್ರಕ್ಕೆ ಇಂದು ದೊರೆಯುವುದು ಗುಜರಿಯವನ ತಕ್ಕಡಿ ಮಾತ್ರ. ಹಾಗೆ ತಕ್ಕಡಿಗೆ ಹೋಗಲಿದ್ದ ಜೀಪೊಂದು ಮಳವಳ್ಳಿಯ ಕಡೆಯ ನನ್ನ ನಂಟರೊಬ್ಬರ ಆಲೆಮನೆಯ ಹಿಂದೆ ನಿಂತಿತ್ತು. ಅದನ್ನು ಮತ್ತೆ ಓಡಿಸುವ ಕೆಲಸದಲ್ಲಿ ನಾನೂ ಕೈ ಮಸಿ ಮಾಡಿಕೊಂಡೆ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಹರಿಯುವ ಬಂಡಿಯೊಂದನ್ನು ಬೇಡಿತು. ಮೊದಲು ಮಾಡಿಕೊಟ್ಟುದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ರಾಶಿರಾಶಿಯಾಗಿ ತಯಾರಿಸಿದವು ವಿಲ್ಲಿಸ್ ಮತ್ತು ಫೋರ್ಡ್. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಿದ್ದಿದ್ದವು. ನಮ್ಮಲ್ಲಿ ಅವುಗಳ ಜೋಡಣೆ ಮುಂಬಯಿಯಲ್ಲಿ 1947ರಲ್ಲಿ ಆರಂಭವಾಯಿತು. ಜೋಡಿಸಿದ ಸಂಸ್ಥೆಯ ಹೆಸರು ಆಗ ಮಹೀಂದ್ರ ಮತ್ತು ಮೊಹಮ್ಮದ್. ಪಾಲುದಾರ ಗುಲಾಂ ಮೊಹಮ್ಮದರು ದೇಶ ವಿಭಜನೆಯಾದಾಗ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾಗಿ ಹೊರಟುಹೋದರು. 1948ರಲ್ಲಿ ಹೆಸರು ಮಹೀಂದ್ರ ಮತ್ತು ಮಹೀಂದ್ರ ಎಂದಾಯಿತು. ಒಂದು ದೇಶ ಒಡೆದುದರ ಗುರುತು ಒಂದು ಕಾರ್ಖಾನೆಯ ನಾಮಫಲಕದಲ್ಲಿಯೂ ಉಳಿಯುತ್ತದೆ, ನೋಡಿ.

ಮಂಡ್ಯದ ಸೀಮೆಗೆ ಜೀಪು ಹೊಂದಿಕೊಂಡದ್ದು ಆಕಸ್ಮಿಕವಲ್ಲ. ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಗಿ, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನೀರು ಬಂದಲ್ಲಿ ಕೆಸರೂ ಬಂದಿತು. ನಾಲೆಯ ಏರಿ, ಕಬ್ಬಿನ ಗದ್ದೆಯ ಬದು, ಮುತ್ತತ್ತಿಯ ಕಡೆಯ ಕಾಡುಹಾದಿ, ಇವುಗಳ ಮೇಲೆ ಮಳೆಗಾಲದಲ್ಲಿ ಕಾರು ಹೋಗುವ ಮಾತೇ ಇರಲಿಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದ ಮೇಲೆ, ಹಳ್ಳಿಗನ ಪಾಲಿಗೆ ಸರ್ಕಾರವೆಂದರೆ ಧೂಳೆಬ್ಬಿಸಿಕೊಂಡು ಬರುವ ಜೀಪು ಎಂದೇ ಅರ್ಥವಾಯಿತು. ಚುನಾವಣೆ ಬಂದರೆ ಅದರ ತಲೆಯ ಮೇಲೆ ಧ್ವನಿವರ್ಧಕ ಏರುತ್ತಿತ್ತು.

ನಮ್ಮ ನಂಟರ ಜೀಪು ಮೂತಿ ಎತ್ತರವಾದ ಮಾದರಿಯದು. ಹಳೆಯ ಎಂಜಿನ್ನಿನಲ್ಲಿ ಕವಾಟಗಳೆಲ್ಲ ಪಕ್ಕದಲ್ಲಿದ್ದವು. ಹೊಸದರಲ್ಲಿ ಗಾಳಿ ಸೇರುವ ಕವಾಟ ತಲೆಗೇರಿತು, ಎಂಜಿನ್ ಬೆಳೆಯಿತು, ಬಾನೆಟ್ಟೂ ಬೆಳೆಯಬೇಕಾಯಿತು. ಆದರೆ ಈಗ ಅದರೊಳಗೆ ಇದ್ದುದು ಆ ಪೆಟ್ರೋಲ್ ಎಂಜಿನ್ ಅಲ್ಲ. ಪೆಟ್ರೋಲಿನ ಬೆಲೆಗೆ ಅಂಜಿ, ಎಷ್ಟೋ ಮಂದಿ ಮಾಡಿದಂತೆ, ಇವರೂ ಹಿಂದೊಮ್ಮೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಮುಂದಿನ ಗಾಲಿಗಳನ್ನು ತಿರುಗಿಸುವ ಶಾಫ್ಟು ಕಳಚಿ ಅಟ್ಟ ಸೇರಿತ್ತು.

ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಒಮ್ಮೆಗೇ ಎಬ್ಬಿಸಬಾರದು. ಇಂಜೆಕ್ಟರುಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಬಿಟ್ಟೆವು. ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿದೆವು. ಟ್ಯಾಂಕನ್ನು ಇಳಿಸಿ ತೊಳೆದು, ಕೊಳವೆಗಳ ಗಾಳಿ ತೆಗೆದುದಾಯಿತು. ಚಾಸಿಯ ಸಂದುಗಳಲ್ಲಿ ಸೇರಿದ್ದ ಗದ್ದೆಯ ಮಣ್ಣು ಗಟ್ಟಿಯಾಗಿ, ತೇವ ಹಿಡಿದು, ತಗಡನ್ನು ಒಳಗಿನಿಂದಲೇ ತಿಂದಿತ್ತು. ಕಾಲಿಡುವ ತಗಡು ತಟ್ಟಿದರೆ ಉದುರುತ್ತಿತ್ತು. ಅದಕ್ಕೆ ಮದ್ದೂರಿನಲ್ಲಿ ಹೊಸ ತಗಡು ಬೆಸೆಸಿದೆವು.

ಬಣ್ಣ ಕೆರೆಯುವಾಗ ಕೆಲಸ ನಿಂತಿತು. ಮೇಲಿನ ಕೆಂಪು ಹೋದೊಡನೆ ನೀಲಿ, ಅದರಡಿಯಲ್ಲಿ ಮಾಸಿದ ಬಿಳಿ. ಬಿಳಿಯ ಮೇಲೆ ಕುಂಚದಿಂದ ಬರೆದ ಅಕ್ಷರಗಳು: ‘ಲೂಕು ಅಭಿವೃ’. 1959ರ ಕಾಯಿದೆಯಿಂದ ಹುಟ್ಟಿ, ಜಿಲ್ಲಾ ಪರಿಷತ್ತುಗಳು ಬಂದಾಗ ಮರೆಯಾದ ತಾಲ್ಲೂಕು ಅಭಿವೃದ್ಧಿ ಮಂಡಳಿಯ ಜೀಪು ಇದು! ಮನೆಯವರು ಹರಾಜಿನಲ್ಲಿ ಕೊಂಡದ್ದೆಂದು ಮಾತ್ರ ಬಲ್ಲರು. ಯಾರ ಹರಾಜೆಂಬುದು ಯಾರಿಗೂ ನೆನಪಿರಲಿಲ್ಲ.

ಇಲ್ಲಿಂದ ವಾದ ಎದ್ದಿತು. ಮನೆಯ ಕಿರಿಯ ಅಳಿಯನಿಗೆ, ಡೀಸೆಲ್ ಎಂಜಿನ್ ಕಿತ್ತು, ಮೂಲದ ಪೆಟ್ರೋಲ್ ಎಂಜಿನ್ ಹುಡುಕಿ ಕೂರಿಸಿ, ಸೈನ್ಯದ ಹಸಿರು ಬಣ್ಣ ಬಳಿಯಬೇಕೆಂಬ ಆಸೆ. 2021ರ ಕೇಂದ್ರ ನಿಯಮ ಅವನ ಮನಸ್ಸಿನಲ್ಲಿತ್ತು. 50 ವರ್ಷ ಮೀರಿದ, ಚಾಸಿ, ಮೈ, ಎಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಟಿಲ್ಲದ ವಾಹನಕ್ಕೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಆದರೆ ಪ್ರದರ್ಶನ, ರ‍್ಯಾಲಿ, ದುರಸ್ತಿಗಳಂಥ ಸಂದರ್ಭಗಳ ಹೊರತು ಅದು ರಸ್ತೆಗಿಳಿಯುವಂತಿಲ್ಲ. ಹಿರಿಯರು ಕೇಳಿದ್ದು ಒಂದೇ ಮಾತು: “ಓಡದ ಜೀಪು ಯಾಕಪ್ಪ, ದೇವರ ಉತ್ಸವಕ್ಕಾ?”

ನನ್ನ ಒಲವು ಹಿರಿಯರ ಕಡೆಗೆ. ಹಸಿರು ಬಳಿದರೆ ಅದು ಎಂದೂ ಕಾಣದ ಯುದ್ಧದ ವೇಷ ತೊಟ್ಟಂತೆ. ನಿಯಮ ಕೇಳುವ ‘ಮೂಲರೂಪ’ ಕಾರ್ಖಾನೆಯದು. ಡೀಸೆಲ್ ಎಂಜಿನ್, ಹಿಂದೆ ಬೆಸೆದ ಉದ್ದನೆಯ ಸೀಟು, ಈ ಮಾರ್ಪಾಟುಗಳಲ್ಲಿಯೇ ಇರುವುದು ಮಳವಳ್ಳಿಯ ಚರಿತ್ರೆ. ಇನ್ನೊಂದು ಕಡೆ, 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್‌ನಿಂದ ನವೀಕರಿಸುವಂತಿಲ್ಲ. ಅವು ಗುಜರಿಗೇ ಹೋಗತಕ್ಕವು. ಹೊಗೆ, ಅಪಾಯ, ಎರಡೂ ನಿಜ. ನಿಯಮವನ್ನು ನಾನು ಹಳಿಯಲಾರೆ. ಆದರೆ ಇನ್ನು ಮುಂದೆ ಇಂಥ ಜೀಪು ಹರಾಜಿನ ಮೂಲಕ ಯಾವ ಆಲೆಮನೆಯನ್ನೂ ಸೇರುವುದಿಲ್ಲ.

ಕೊನೆಗೆ ಡೀಸೆಲ್ ಎಂಜಿನ್ ಉಳಿಯಿತು. ಅಳಿಯನ ಸಮಾಧಾನಕ್ಕೆ ಅಟ್ಟದ ಶಾಫ್ಟು ಇಳಿದು, ಮುಂದಿನ ಗಾಲಿಗಳು ಮತ್ತೆ ಬಲದಿಂದ ತಿರುಗಿದವು. ಮೈಗೆ ಬಿಳಿ ಬಳಿದರೂ, ಆ ಐದು ಅಕ್ಷರಗಳಿದ್ದ ಒಂದು ಮೊಳದ ಜಾಗವನ್ನು ಮುಟ್ಟಲಿಲ್ಲ; ತುಕ್ಕು ಹತ್ತದಂತೆ ಅದರ ಮೇಲೆ ವಾರ್ನಿಷ್ ಮಾತ್ರ ಎಳೆದಿದ್ದೇವೆ.